ನೀಲಿ ಮುಚ್ಚಳ, ಹಳದಿ ಮುಚ್ಚಳ

ಮಾರ್ಚ್ 3

ಅಕ್ಕನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಕೇಳಿದರೆ ಇಷ್ಟು ದಿನ ಇಲ್ಲದ ಕಾಳಜಿ ಈಗೆಲ್ಲಿಂದ ಬಂತು ಎನ್ನುತ್ತೀಯ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಳೆದ ವಾರ ಬಸ್ ನಿಲ್ದಾಣದಲ್ಲಿ ಅಂಟಯ್ಯ ಸಿಕ್ಕಿದ್ದ. ನಿಮ್ಮ ಬೈಂಡಿಂಗ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಂಟು ಕುದಿಸಿದ ಕೈಯಿಂದ ನನ್ನ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳುವ ಹೊತ್ತಿಗೆ ಎರಡು ಬಸ್ ಹೋದವು. ನಿನ್ನ ಕಾಗದದ ಗೋದಾಮಿನಲ್ಲಿ ಇಲಿ ಕಾಯುವ ಹದಿನೆಂಟು ಬೆಕ್ಕುಗಳಿಗೂ ಬಾಯಿಹುಣ್ಣಂತೆ. ಒಸಡು ಕೆಂಪಾಗಿ ಜೊಲ್ಲು ಸುರಿಯುತ್ತದಂತೆ. ಮೀನು ಕಂಡರೆ ಓಡಿ ಬರುತ್ತವೆ, ಒಂದು ತುತ್ತು ಕಚ್ಚಿ ಕಿರುಚಿಕೊಂಡು ಓಡಿಹೋಗುತ್ತವೆ ಎಂದ. "ಆ ಮುದಿಬೆಕ್ಕು ದೊರೆಯಂತೂ ತಟ್ಟೆ ಮುಂದೆ ಕೂತು ಅಳ್ತಾನೆ ಕಣಪ್ಪ. ನಿಮ್ಮಕ್ಕ ಅವನ ಮುಂದೆ ಕೂತು ಅಳ್ತಾಳೆ. ಇಬ್ಬರಲ್ಲಿ ಯಾರಿಗೆ ಮೊದಲು ಸಮಾಧಾನ ಮಾಡ್ಲಿ ಹೇಳು?"

ಇದು ವೈರಸ್ ಮಾಡುವ ಕೆಲಸ. ನಮ್ಮ ಪಶುವೈದ್ಯ ಸಂಶೋಧನಾಲಯದಲ್ಲಿ ಇದಕ್ಕೇ ಒಂದು ಔಷಧಿಯ ಪರೀಕ್ಷೆ ಶುರುವಾಗುತ್ತಿದೆ. ಒಂದೇ ಕಡೆ ಇರುವ, ಒಬ್ಬರೇ ನೋಡಿಕೊಳ್ಳುವ ಬೆಕ್ಕುಗಳು ಬೇಕು. ಅದಕ್ಕೆ ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ.

ನಿನ್ನ ತಮ್ಮ


ಮಾರ್ಚ್ 11

ತಮ್ಮನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟಿನಲ್ಲಿ, ಎರಡನೇ ಸಲ ಅರ್ಥಕ್ಕಾಗಿ, ಮೂರನೇ ಸಲ ನೀನು ಏನನ್ನು ಬರೆದಿಲ್ಲ ಎಂದು ಹುಡುಕುವುದಕ್ಕೆ. ಬೆಕ್ಕಿನ ಬಾಯಿ ಹುಣ್ಣಾಗದಿದ್ದರೆ ಅಕ್ಕನ ನೆನಪು ಆಗುತ್ತಿರಲಿಲ್ಲ, ಅಲ್ಲವೇ?

ತೋಳ ಬೇಲಿಯಾಚೆ ನಿಂತು ಕುರಿಗೆ ಕಾಲುನೋವು ಹೇಗಿದೆ ಎಂದು ಕೇಳಿತಂತೆ. 'ನೀನು ಅಲ್ಲೇ ನಿಂತಿದ್ದರೆ ನನ್ನ ಕಾಲು ಚೆನ್ನಾಗಿಯೇ ಇರುತ್ತೆ' ಎಂದಿತಂತೆ ಕುರಿ. ನೀನು ತೋಳ ಎನ್ನುತ್ತಿಲ್ಲ. ಆದರೆ 'ಪರೀಕ್ಷೆ' ಎಂಬ ಮಾತು ನನಗೆ ಹಿಡಿಸಲಿಲ್ಲ. ಔಷಧಿಯಾದರೆ ಕೊಡಬೇಕು, ಪರೀಕ್ಷೆ ಯಾಕೆ?

ಇನ್ನೊಂದು ಮಾತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಬಾಗಿಲ ಹೊರಗೆ ನಿನ್ನನ್ನು ಕೇಳಿದೆ, "ಡಾಕ್ಟ್ರು ಏನಂದ್ರೋ?" ನೀನು ಹೇಳಿದೆ, "ಏನಿಲ್ಲಕ್ಕ, ಎಲ್ಲಾ ಸರಿಹೋಗುತ್ತಂತೆ. ನೀನು ಕೆಲಸಕ್ಕೆ ಹೋಗು." ನಾನು ನಂಬಿ ಕಾಗದದ ಲಾರಿ ಇಳಿಸಿಕೊಳ್ಳಲು ಹೋದೆ. ತಿರುಗಿ ಬರುವಷ್ಟರಲ್ಲಿ ಹಾಸಿಗೆ ಸುತ್ತಿಟ್ಟಿದ್ದರು. ನಿನಗೆ ಬೆಳಿಗ್ಗೆಯೇ ಗೊತ್ತಿತ್ತು. ಎರಡು ವರ್ಷದಿಂದ ನಾನು ಬರೆಯದಿದ್ದದ್ದು ಯಾಕೆ ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳಿದ್ದೇನೆ.

ದೊರೆ ಮೂಳೆಚಕ್ಕಳವಾಗಿದ್ದಾನೆ. ಅದಕ್ಕೋಸ್ಕರ ಒಪ್ಪುತ್ತೇನೆ. ಏನು ಕೊಡುತ್ತೀಯೋ ಅದನ್ನು ಬಿಡಿಸಿ ಬರೆ.

ಅಕ್ಕ


ಮಾರ್ಚ್ 19

ಅಕ್ಕನಿಗೆ,

ಬಿಡಿಸಿ ಬರೆಯುತ್ತೇನೆ. ಒಂದು ಓಣಿ ಇದೆ ಎಂದುಕೊ. ಮೊದಲ ಮನೆಗೆ ಕಳ್ಳ ನುಗ್ಗಿದ. ಆ ಮನೆಯವನು ಬದುಕುವುದಿಲ್ಲ. ಆದರೆ ಸಾಯುವ ಮೊದಲು ಕೂಗಿ ಹೇಳುತ್ತಾನೆ, 'ಕಳ್ಳ ಬಂದ, ಅಗುಳಿ ಹಾಕಿಕೊಳ್ಳಿ!' ಪಕ್ಕದ ಮನೆಗಳೆಲ್ಲ ಅಗುಳಿ ಹಾಕಿಕೊಳ್ಳುತ್ತವೆ. ಮೈಯೊಳಗೆ ಆ ಮನೆಗಳೇ ಜೀವಕೋಶಗಳು, ವೈರಸ್ಸೇ ಕಳ್ಳ. ಆ ಕೂಗು ಒಂದು ಪ್ರೋಟೀನು, ಅದರ ಹೆಸರು ಇಂಟರ್‌ಫೆರಾನ್. ನಿನ್ನ ಬೆಕ್ಕುಗಳ ಮೈಯಲ್ಲಿ ಕೂಗು ಸಾಲುತ್ತಿಲ್ಲ. ನಾವು ಹೊರಗಿನಿಂದ ಕೂಗಿಗೆ ಕೂಗು ಸೇರಿಸುತ್ತೇವೆ. ಬೆಕ್ಕಿನದೇ ಪ್ರೋಟೀನನ್ನು ರೇಷ್ಮೆಹುಳುವಿನ ಮೈಯಲ್ಲಿ ಬೆಳೆಸಿ ತೆಗೆಯುತ್ತಾರೆ. ನಗಬೇಡ, ನಿಜ.

ವಾರಕ್ಕೆ ಎರಡು ಬಾಟಲಿ ಬರುತ್ತವೆ, ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದಕ್ಕೆ ಹಳದಿ. ಒಂಬತ್ತು ಬೆಕ್ಕಿನ ಕೊರಳಿಗೆ ನೀಲಿ ಪಟ್ಟಿ, ಒಂಬತ್ತಕ್ಕೆ ಹಳದಿ. ಅದನ್ನು ಚೀಟಿ ಎತ್ತಿ ಗೊತ್ತುಮಾಡಿದ್ದಾರೆ. ದಿನಾ ಬೆಳಿಗ್ಗೆ ಮೀನಿಗೆ ಮೊದಲು ಆಯಾ ಬಣ್ಣದ ಬಾಟಲಿಯಿಂದ ಐದು ತೊಟ್ಟು ಬಾಯಿಗೆ ಬಿಡಬೇಕು. ಒಂದರಲ್ಲಿ ಔಷಧಿ ಇದೆ. ಇನ್ನೊಂದರಲ್ಲಿ ಬರೀ ಉಪ್ಪುನೀರು. ಯಾವುದರಲ್ಲಿ ಏನು ಎಂಬುದು ನಮ್ಮ ದೊಡ್ಡ ಡಾಕ್ಟರಮ್ಮನ ಬೀರುವಿನಲ್ಲಿ ಅರಗು ಹಾಕಿದ ಲಕೋಟೆಯಲ್ಲಿದೆ. ನಿನಗೂ ಗೊತ್ತಾಗಬಾರದು, ನನಗೂ ಗೊತ್ತಿಲ್ಲ. ಗೊತ್ತಿದ್ದರೆ ನಮ್ಮ ಕಣ್ಣು ನಮಗೆ ಬೇಕಾದ್ದನ್ನೇ ನೋಡುತ್ತದೆ.

ಆರು ತಿಂಗಳು. ಈ ಪರೀಕ್ಷೆ ಗೆದ್ದರೆ ಔಷಧಿ ಎಲ್ಲ ಬೆಕ್ಕುಗಳಿಗೂ ಸಿಗುತ್ತದೆ. ಸೋತರೆ ಇದನ್ನು ತಯಾರಿಸುವುದನ್ನೇ ನಿಲ್ಲಿಸುತ್ತಾರೆ.

ತಮ್ಮ


ಏಪ್ರಿಲ್ 16

ತಮ್ಮನಿಗೆ,

ನಿನ್ನ ಓಣಿಯ ಕಥೆಯನ್ನು ಅಂಟಯ್ಯನಿಗೆ ಓದಿ ಹೇಳಿದೆ. "ನಮ್ಮ ಓಣೀಲೂ ಹಂಗೇ ಕಣಕ್ಕ. ಯಾರಾದ್ರೂ ಕೂಗಿಕೊಂಡ್ರೆ ಎಲ್ಲರೂ ಅಗುಳಿ ಹಾಕ್ಕೋತಾರೆ. ಒಬ್ಬನೂ ಹೊರಗೆ ಬರಲ್ಲ" ಎಂದ.

ನಾಲ್ಕು ವಾರವಾಯಿತು. ದೊರೆಗೆ ನೀಲಿ ಪಟ್ಟಿ ಬಂದಿದೆ. ಅವನು ಮೊದಲಿಗಿಂತ ಒಂದು ಗುಂಜಿಯಷ್ಟೂ ಮೇಲಾಗಿಲ್ಲ. ಹಳದಿ ಪಟ್ಟಿಯ ಹೆಣ್ಣುಬೆಕ್ಕು ಚಿಂದಿ ನಿನ್ನೆ ತಟ್ಟೆ ನೆಕ್ಕಿದಳು. ಆ ಚಿಂದಿ ಒಂದು ದಿನವೂ ಒಂದು ಇಲಿ ಹಿಡಿದವಳಲ್ಲ, ಕಾಗದದ ರೀಮಿನ ಮೇಲೆ ಮಲಗಿ ಮೈ ಬೆಳೆಸಿದವಳು. ಚೀಟಿ ಎತ್ತಿದರು ಎಂದು ಬರೆದಿದ್ದೀಯ. ಯಾರು ಎತ್ತಿದರು? ನಾನು ನೋಡಲಿಲ್ಲವಲ್ಲ. ಮುದಿಬೆಕ್ಕಿಗೆ ನೀರೇ ಸಾಕು ಎಂದು ಯಾರೋ ಯೋಚಿಸಿರಬಹುದು.

ಎರಡು ಬಾಟಲಿಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಮೂಸಿದೆ. ಒಂದೊಂದು ತೊಟ್ಟು ನಾಲಿಗೆಗೆ ಹಾಕಿಕೊಂಡೆ. ಬೈಯಬೇಡ. ಎರಡೂ ಉಪ್ಪುಪ್ಪು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತು. ಎರಡೂ ಒಂದೇ ಥರ ತಿಳಿಯಾಗಿದ್ದರೆ ಏನು ಮಾಡಬೇಕು?

ನಿನಗೆ ಗೊತ್ತಿದೆ. ಗೊತ್ತಿಲ್ಲ ಎಂದು ನೀನು ಹೇಳುವ ರೀತಿಯನ್ನು ನಾನು ಮೊದಲೇ ಒಮ್ಮೆ ಕೇಳಿದ್ದೇನೆ. ಬಾಯಿಬಿಟ್ಟು ಹೇಳಬೇಡ. ಮುಂದಿನ ಕಾಗದದಲ್ಲಿ ನೀಲಿ ಶಾಯಿಯಲ್ಲಿ ಬರೆದರೆ ನೀಲಿಯೇ ಔಷಧಿ ಎಂದು ತಿಳಿದುಕೊಳ್ಳುತ್ತೇನೆ.

ಅಕ್ಕ


ಏಪ್ರಿಲ್ 22

ಅಕ್ಕನಿಗೆ,

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ.

ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಆದರೆ ಗೊತ್ತಿಲ್ಲ.

ಬಾಟಲಿಯನ್ನು ನೆಕ್ಕಬೇಡ.

ತಮ್ಮ


ಜೂನ್ 9

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಅಚ್ಚಿನ ಹಾಳೆಗಳನ್ನು ತುಂಬಿ ಕಳಿಸುತ್ತಿದ್ದೇನೆ. ನೀನು ಹೇಳಿದಂತೆ ಬೆಳಿಗ್ಗೆ ಏಳಕ್ಕೆ, ಮೀನಿಗೆ ಮೊದಲು, ಐದೇ ತೊಟ್ಟು. ಒಂದು ದಿನವೂ ತಪ್ಪಿಲ್ಲ.

ಎಲ್ಲವೂ ಸ್ವಲ್ಪ ಸ್ವಲ್ಪ ಚೇತರಿಸಿಕೊಂಡಿವೆ. ನೀಲಿಯವೂ ಹಾಗೇ, ಹಳದಿಯವೂ ಹಾಗೇ. ಒಂದು ಹೆಚ್ಚು ಒಂದು ಕಡಿಮೆ ಎನ್ನುವಂತಿಲ್ಲ. ದೊರೆ ಮೆತ್ತಗೆ ಬೇಯಿಸಿದ ಮೀನನ್ನು ಅರ್ಧ ತಟ್ಟೆ ತಿನ್ನುತ್ತಾನೆ. ಮೊನ್ನೆ ಕತ್ತರಿಸುವ ಯಂತ್ರದ ಕೆಳಗೆ ಒಂದು ಇಲಿಯನ್ನು ಅಟ್ಟಿಸಿಕೊಂಡು ಹೋದ. ಇಲಿಯೇ ಗೆದ್ದಿತು, ಆದರೆ ಓಡಿದನಲ್ಲ.

ನೀನು ಸರಿಯಾಗಿ ಊಟ ಮಾಡುತ್ತೀಯಾ? ಇಲ್ಲಿ ಎಲ್ಲ ಚೆನ್ನಾಗಿದೆ. ಏನೂ ಯೋಚನೆ ಮಾಡಬೇಡ.

ನಿನ್ನ ಅಕ್ಕ


ಜುಲೈ 14

ಅಕ್ಕನಿಗೆ,

ನಿನ್ನ ಕಾಗದದಲ್ಲಿ 'ಪ್ರೀತಿಯ' ಎಂದಿತ್ತು. ಬೈಗುಳ ಒಂದೂ ಇರಲಿಲ್ಲ. ಆಗಲೇ ನನಗೆ ಅನುಮಾನ ಬಂತು.

ಹೋದ ವಾರ ನಮ್ಮವರು ಬಂದು ಹದಿನೆಂಟು ಬೆಕ್ಕುಗಳ ರಕ್ತ ತೆಗೆದುಕೊಂಡು ಹೋದರಲ್ಲ. ಇಂಟರ್‌ಫೆರಾನ್ ಕೂಗಿದ ಮೈಯಲ್ಲಿ ಆ ಕೂಗಿನ ಗುರುತು ಉಳಿಯುತ್ತದೆ, ಅಗುಳಿ ಹಾಕಿದ ಮನೆಯ ಬಾಗಿಲಲ್ಲಿ ಗೀರು ಉಳಿದಂತೆ. ಒಂಬತ್ತು ಬೆಕ್ಕಿನಲ್ಲಿ ಗುರುತು ಜೋರಾಗಿ ಕಾಣಬೇಕಿತ್ತು. ನೀರು ಕುಡಿದ ಒಂಬತ್ತರಲ್ಲಿ ಹೆಚ್ಚೇನೂ ಇರಬಾರದಿತ್ತು. ಹದಿನೆಂಟರಲ್ಲೂ ಒಂದೇ ಸಮನಾಗಿ ಇದೆ. ನೀರು ಕೂಗುವುದಿಲ್ಲ ಅಕ್ಕ.

ಬಾಟಲಿ ತುಂಬುವ ಕೋಣೆಯ ಇನ್ನೊಂದು ಬೀಗದ ಕೈ ನನ್ನ ಬಳಿ ಇತ್ತು. ಬೆಕ್ಕುಗಳು ನನ್ನ ಅಕ್ಕನವು. ಇವೆರಡನ್ನೂ ಕೂಡಿಸಿ ನನ್ನ ಮೇಲೆ ಅನುಮಾನಪಡಲು ದೊಡ್ಡ ಡಾಕ್ಟರಮ್ಮನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ನೀವು ಒಳ್ಳೇ ಮನಸ್ಸಿನಿಂದಲೇ ಮಾಡಿರಬಹುದು, ಆದ್ರೆ ಹೇಳಿಬಿಡಿ" ಎಂದರು. ಬೀಗದ ಕೈ ವಾಪಸ್ ತೆಗೆದುಕೊಂಡರು.

ನೀನು ಹಿಂತಿರುಗಿಸಿದ ಖಾಲಿ ಬಾಟಲಿಗಳನ್ನು ನಾನೊಬ್ಬನೇ ಕೂತು ನೋಡಿದೆ. ಎರಡೂ ಬಣ್ಣದ ಮುಚ್ಚಳಗಳ ಒಳಗೆ ಹಿಟ್ಟಿನ ಅಂಟು ಒಣಗಿದೆ. ಆ ವಾಸನೆ ನನಗೆ ಗೊತ್ತು, ನೀನು ಕೆಲಸದಿಂದ ಬಂದಾಗಲೆಲ್ಲ ಮನೆ ತುಂಬುತ್ತಿತ್ತು. ಮುಚ್ಚಳಗಳ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ.

ನೀನು ಏನಾದರೂ ಮಾಡಿದೆಯಾ?

ತಮ್ಮ


ಜುಲೈ 20

ತಮ್ಮನಿಗೆ,

ಬೈಂಡಿಂಗ್ ಕಾರ್ಖಾನೆಯಲ್ಲಿ ಅಂಟು ಎಲ್ಲಿಲ್ಲ? ನನ್ನ ತಲೆಗೂದಲಲ್ಲಿದೆ, ಬಾಗಿಲ ಚಿಲಕದ ಮೇಲಿದೆ. ನೀನು ಈ ಕಾಗದ ಹಿಡಿದ ಕಡೆಯೂ ಇರಬಹುದು, ನೋಡಿಕೊ. ಅಂಟು ಕಂಡರೆ ಅಕ್ಕ ಕಳ್ಳಿಯೇ?

ನಿಮ್ಮ ಬಾಟಲಿ ತುಂಬುವವರನ್ನು ಕೇಳು. ಆ ಡಾಕ್ಟರಮ್ಮನನ್ನು ಕೇಳು. ಎಲ್ಲರನ್ನೂ ಬಿಟ್ಟು ಮೊದಲು ನನ್ನನ್ನೇ ಕೇಳಿದೆಯಲ್ಲ.

ಅಕ್ಕ


ಜುಲೈ 29

ಅಕ್ಕನಿಗೆ,

ನಾಳೆಯಿಂದ ಬರಬೇಡಿ, ವಿಚಾರಣೆ ಮುಗಿಯಲಿ ಎಂದಿದ್ದಾರೆ. ಮೇಜು ಖಾಲಿ ಮಾಡಿದೆ. ಒಂದು ಚೀಲದಷ್ಟೂ ಇರಲಿಲ್ಲ.

ನಿನ್ನನ್ನು ಮತ್ತೆ ಕೇಳುವುದಿಲ್ಲ.

ತಮ್ಮ


ಆಗಸ್ಟ್ 5

ದೊಡ್ಡ ಡಾಕ್ಟರಮ್ಮನವರಿಗೆ, ಕಾಗದದ ಗೋದಾಮಿನವಳ ನಮಸ್ಕಾರ.

ಬಾಟಲಿಗಳನ್ನು ಬೆರೆಸಿದ್ದು ನಾನು. ನನ್ನ ತಮ್ಮನಿಗೆ ಗೊತ್ತಿಲ್ಲ. ಅವನು ಕೇಳಿದಾಗಲೂ ಸುಳ್ಳು ಹೇಳಿದೆ.

ಹೇಗೆ ಎಂದು ಹೇಳುತ್ತೇನೆ. ಏಪ್ರಿಲ್ ಕೊನೆಯ ವಾರದ ಬಾಟಲಿಗಳು ಬಂದ ಬೆಳಿಗ್ಗೆ ದೊರೆ ಎಂಬ ನನ್ನ ಮುದಿಬೆಕ್ಕು ತಟ್ಟೆಯ ಹತ್ತಿರವೂ ಬರಲಿಲ್ಲ. ಅಂಟಿನ ಒಲೆಯ ಹತ್ತಿರ ಹೋಗಿ ಕೂತೆ. ಅಂಟಯ್ಯ ಅಂಟು ತಿರುವುತ್ತಲೇ ಅಂದ, "ನೀಲಿ ನೀರು, ಹಳದಿ ಔಷಧಿ ಅಂತ ಅನುಮಾನ ಇದ್ರೆ ದೊರೆಗೆ ಹಳದಿ ಹಾಕಕ್ಕ. ಯಾರು ನೋಡ್ತಾರೆ?"

"ಹಾಕ್ದೆ ಅಂತಿಟ್ಕೋ. ನೀಲೀನೇ ಔಷಧಿ ಆಗಿದ್ರೆ?"

"ಹಂಗಾದ್ರೆ ಎರಡನ್ನೂ ಬೆರೆಸು. ಅಂಟು ಗಟ್ಟಿಯಾದ್ರೆ ನೀರು ಬೆರೆಸಲ್ವಾ? ಅಂಟು ಅಂಟೋದು ಬಿಡುತ್ತಾ?"

ಅದು ನನ್ನ ತಲೆಗೆ ಅಂಟಿಕೊಂಡಿತು. ನಮ್ಮಮ್ಮ ಒಂದೇ ಹಣ್ಣು ಸಿಕ್ಕರೂ ಸೆರಗಿನಲ್ಲಿಟ್ಟು ಕಚ್ಚಿ ಎರಡು ಮಾಡಿ ಇಬ್ಬರಿಗೂ ಕೊಡುತ್ತಿದ್ದಳು. ಒಂದೇ ಸಾಲಿನಲ್ಲಿ ಕೂತ ಒಂಬತ್ತು ಜನಕ್ಕೆ ಅನ್ನ, ಒಂಬತ್ತು ಜನಕ್ಕೆ ಖಾಲಿ ಎಲೆ ಹಾಕುವುದನ್ನು ನಾನು ಕಲಿತಿಲ್ಲ. ಅಂಟಯ್ಯನ ಅಳತೆ ಲೋಟ ತೊಳೆದು ಎರಡೂ ಬಾಟಲಿಗಳನ್ನು ಸುರಿದು ಕಲಕಿ ಮತ್ತೆ ಎರಡಕ್ಕೂ ಸಮನಾಗಿ ತುಂಬಿದೆ. ಲೋಟ ಸರಿಯಾಗಿ ತೊಳೆದಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಪ್ರತಿ ವಾರವೂ ಹಾಗೇ ಮಾಡಿದೆ. ಯಾವ ಬೆಕ್ಕಿಗೂ ಮೋಸವಾಗಬಾರದು ಎಂದುಕೊಂಡೆ. ಲೆಕ್ಕಕ್ಕೆ ಮೋಸವಾಗುತ್ತದೆ ಎಂದು ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೊಳೆದಾಗ ಆ ಕಡೆ ನೋಡಲಿಲ್ಲ.

ಇದನ್ನು ಬರೆದರೆ ಬಾಟಲಿಗಳು ನಿಲ್ಲುತ್ತವೆ ಎಂದು ಗೊತ್ತು. ಅದಕ್ಕೇ ಎರಡು ವಾರ ಬರೆಯಲಿಲ್ಲ. ದೊರೆ ನಿನ್ನೆಯೂ ಅರ್ಧ ತಟ್ಟೆ ತಿಂದ. ಈ ವಾರದ ಎರಡು ಬಾಟಲಿಗಳನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಇವುಗಳನ್ನು ತೆರೆದಿಲ್ಲ.

ನನ್ನ ತಮ್ಮನ ಬೀಗದ ಕೈ ಅವನಿಗೆ ಕೊಡಿ.

ಗೋದಾಮಿನವಳು


ಆಗಸ್ಟ್ 27

ಅಕ್ಕನಿಗೆ,

ಕೆಲಸಕ್ಕೆ ಮತ್ತೆ ತೆಗೆದುಕೊಂಡಿದ್ದಾರೆ. ನಿನ್ನ ಕಾಗದವನ್ನು ಡಾಕ್ಟರಮ್ಮ ನನ್ನೆದುರಿಗೇ ಓದಿದರು. ಅಳತೆ ಲೋಟದ ಸಾಲು ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ.

ನಿನ್ನ ಹದಿನೆಂಟು ಬೆಕ್ಕುಗಳ ಹಾಳೆಗಳನ್ನೆಲ್ಲ ಪರೀಕ್ಷೆಯಿಂದ ತೆಗೆದುಹಾಕಿದ್ದಾರೆ. ಬೇರೆ ಕಡೆ ಮೊದಲಿನಿಂದ ಶುರು. ಕೆಲಸದವರ ಸಂಬಂಧಿಕರ ಬೆಕ್ಕು ಬೇಡ ಎಂದು ಹೊಸ ನಿಯಮ ಮಾಡಿದ್ದಾರೆ. ನಿಮ್ಮ ಕಡೆಗೆ ಔಷಧಿ ಬರುವುದಿಲ್ಲ. ಕೇಳಿದೆ, ಆಗುವುದಿಲ್ಲ ಎಂದರು.

ನನ್ನ ಸಿಟ್ಟು ಇಳಿದ ಮೇಲೆ ಬರೆಯುತ್ತೇನೆ.

ತಮ್ಮ


ನವೆಂಬರ್ 2

ತಮ್ಮನಿಗೆ,

ನಿನ್ನ ಸಿಟ್ಟು ಇಳಿಯಿತೋ ಇಲ್ಲವೋ, ನಾನು ಕಾಯಲಾರೆ.

ದೊರೆ ಗುರುವಾರ ಹೋದ. ಬಾಟಲಿ ನಿಂತ ಮೇಲೆ ಹದಿನೇಳು ಹೇಗೋ ತಡೆದುಕೊಂಡವು. ಅವನ ಬಾಯಿ ಮಾತ್ರ ಮತ್ತೆ ಕೆಂಪಾಯಿತು. ಇಲ್ಲಿಯ ಪಶುವೈದ್ಯರು ನೋವಿಗೆ ಮದ್ದು ಕೊಟ್ಟರು, ನಾಲ್ಕು ಹಲ್ಲು ತೆಗೆದರು. ಚಳಿ ಬಂತು, ನೀರನ್ನೂ ಬಿಟ್ಟ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊಲಿಗೆ ಹಾಕುವ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಅಂಟಯ್ಯ ರಟ್ಟು ಕತ್ತರಿಸಿ ಪೆಟ್ಟಿಗೆ ಮಾಡಿದ, ಮೂಲೆಗಳಿಗೆ ಬಟ್ಟೆ ಅಂಟಿಸಿದ, ದೊಡ್ಡ ಪುಸ್ತಕಕ್ಕೆ ಅಂಟಿಸುತ್ತಾರಲ್ಲ ಹಾಗೆ. ಒಂದು ತಮಾಷೆಯನ್ನೂ ಆಡಲಿಲ್ಲ.

ಒಂದೇ ಒಂದು ಪ್ರಶ್ನೆ. ಲಕೋಟೆ ಒಡೆದಿರುತ್ತಾರಲ್ಲ. ನೀಲಿಯಲ್ಲಿ ಏನಿತ್ತು? ನನ್ನ ಕೈ ಅವನಿಗೆ ಔಷಧಿ ಕೊಟ್ಟಿತೋ, ಅವನ ಬಾಯಿಂದ ಕಿತ್ತುಕೊಂಡಿತೋ? ಸಮಾಧಾನಕ್ಕೆ ಹೇಳಬೇಡ. ಇದ್ದದ್ದನ್ನು ಹೇಳು.

ಅಕ್ಕ


ನವೆಂಬರ್ 9

ಅಕ್ಕನಿಗೆ,

ಲಕೋಟೆ ಒಡೆದಾಗ ನಾನೂ ಇದ್ದೆ. ನೀಲಿಯಲ್ಲಿ ನೀರಿತ್ತು.

ನಿನ್ನ ಅನುಮಾನವೇ ಸರಿ. ನೀನು ಬೆರೆಸದಿದ್ದರೆ ದೊರೆಗೆ ಒಂದು ತೊಟ್ಟು ಔಷಧಿಯೂ ಸಿಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅವನು ಇಲಿ ಅಟ್ಟಿಸಿಕೊಂಡು ಓಡಿದನಲ್ಲ, ಅದು ನಿನ್ನ ಕೈಗುಣ. ಪರೀಕ್ಷೆಯ ಮಟ್ಟಿಗೆ ನೀನು ಮಾಡಿದ್ದು ತಪ್ಪು. ದೊರೆಯ ಮಟ್ಟಿಗೆ ತಪ್ಪಲ್ಲ.

ಇದಕ್ಕಾಗಿ ಡಾಕ್ಟರಮ್ಮನಿಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ಅವರಿಗೆ ಈಗ ಬಿಡುವಿಲ್ಲ, ಹಳೆಯ ಕಾಗದಗಳೆಲ್ಲ ಎಲ್ಲೋ ಒಳಗೆ ಸೇರಿವೆ.

ಸರಿಯಾಗಿ ಊಟ ಮಾಡು.

ನಿನ್ನ ತಮ್ಮ


ಡಿಸೆಂಬರ್ 1

ಮಾನ್ಯರೇ,

ನಿಮ್ಮ ನವೆಂಬರ್ 16ರ ಪತ್ರ ತಲುಪಿತು. ನಿಮ್ಮ ಬೆಕ್ಕಿನ ಸಾವಿಗೆ ವಿಷಾದಿಸುತ್ತೇನೆ.

ನೀವು ಕೇಳಿದ ಮಾಹಿತಿ ಇಂತಿದೆ. ನೀಲಿ ಮುಚ್ಚಳದ ಬಾಟಲಿಗಳಲ್ಲಿ ಇಂಟರ್‌ಫೆರಾನ್ ಇತ್ತು, ಹಳದಿಯಲ್ಲಿ ಉಪ್ಪುನೀರು. ಏಳನೇ ಸಂಖ್ಯೆಯ ಬೆಕ್ಕು, ಅಂದರೆ ನೀವು ದೊರೆ ಎಂದು ಕರೆಯುವುದು, ಚೀಟಿಯ ಪ್ರಕಾರ ಔಷಧಿಯ ಗುಂಪಿನಲ್ಲಿತ್ತು. ಬೆರೆಸಿದ ನಂತರ ಅದಕ್ಕೆ ಅರ್ಧ ಪ್ರಮಾಣ ಮಾತ್ರ ಸಿಕ್ಕಿದೆ. ಪೂರ್ತಿ ಪ್ರಮಾಣ ಸಿಕ್ಕಿದ್ದರೆ ಅದು ಉಳಿಯುತ್ತಿತ್ತು ಎಂದಾಗಲಿ, ಉಳಿಯುತ್ತಿರಲಿಲ್ಲ ಎಂದಾಗಲಿ ಹೇಳಲು ಆಧಾರವಿಲ್ಲ. ಮೊದಲ ನಾಲ್ಕೈದು ವಾರಗಳಲ್ಲಿ ಗುಣ ಕಾಣದಿರುವುದು ಈ ಔಷಧಿಯಲ್ಲಿ ಸಾಮಾನ್ಯ.

ಇದೇ ಮಾಹಿತಿಯನ್ನು ನಿಮ್ಮ ಸಹೋದರರಿಂದಲೂ ಪಡೆಯಬಹುದಿತ್ತು. ಲಕೋಟೆಯನ್ನು ಓದಿದವರು ಅವರೇ.

ಸಂಶೋಧನಾಲಯದ ಮುಖ್ಯಸ್ಥೆ


ಡಿಸೆಂಬರ್ 12

ತಮ್ಮನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಮೊನ್ನೆ ನಿನ್ನ ಕಾರ್ಡೂ ಬಂತು.

ನೀಲಿಯಲ್ಲಿ ನೀರಿತ್ತು ಎಂದು ಓದಿ ಮನಸ್ಸು ಹಗುರವಾಯಿತು. ಅಂಟಯ್ಯನಿಗೂ ಓದಿ ಹೇಳಿದೆ. "ನಾನು ಹೇಳಿರಲಿಲ್ವಾ ಅಕ್ಕ?" ಎಂದು ಇಡೀ ಕಾರ್ಖಾನೆ ಸುತ್ತಿ ಬಂದ. ಈಗ ಅವನೇ ಔಷಧಿ ಕಂಡುಹಿಡಿದಂತೆ ಓಡಾಡುತ್ತಿದ್ದಾನೆ. ಹೊಲಿಗೆಯವರು ಅವನನ್ನು ಡಾಕ್ಟ್ರೇ ಎಂದು ಕರೆಯುತ್ತಾರೆ.

ಚಿಂದಿ ಕೊನೆಗೂ ಒಂದು ಇಲಿ ಹಿಡಿದಳು. ಹಿಡಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು.

ನೀನು ಭಾನುವಾರ ಬರಬಹುದಾದರೆ ಬಾ. ಬಾಟಲಿ, ಪರೀಕ್ಷೆ, ಆಸ್ಪತ್ರೆ ಯಾವುದರ ಬಗ್ಗೆಯೂ ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ಕೂತು ಊಟ ಮಾಡಿ ಹೋಗು.

ಸಂಶೋಧನಾಲಯದಿಂದ ಯಾವುದಾದರೂ ಕಾಗದ ಬಂತೇ ಎಂದು ಕಾರ್ಡಿನಲ್ಲಿ ಎರಡು ಸಲ ಕೇಳಿದ್ದೀಯ. ಇಲ್ಲ, ಏನೂ ಬಂದಿಲ್ಲ.

ನಿನ್ನ ಅಕ್ಕ